ಒಂದು ಟಿ-ಷರ್ಟ್, ಎರಡು ಕಾನೂನು

ನಾನು ಕಾನೂನು ಓದಿದವಳಲ್ಲ, ಕನ್ನಡ ಎಂ.ಎ. ವಿದ್ಯಾರ್ಥಿನಿ. ನಮ್ಮದು ಕೊಯಮತ್ತೂರಿನ ಕನ್ನಡ ಮಾತಾಡುವ ದೇವಾಂಗ ಮನೆ. ಮಾವ ತಿರುಪ್ಪೂರಿನ ಒಂದು ಸಣ್ಣ ಬನಿಯನ್ ಕಂಪನಿಯಲ್ಲಿ ಲೆಕ್ಕ ನೋಡ್ತಾರೆ. ಅವರು ಒಮ್ಮೆ ಕೇಳಿದರು: "ನೂಲು ಕೊಟ್ಟವನ ಹತ್ತಿರ ನಡೆಯೋ ಕಾನೂನೇ ಜರ್ಮನಿ ಗಿರಾಕಿ ಹತ್ತಿರಾನೂ ನಡೆಯುತ್ತೇನಮ್ಮಾ?" ಈ ಪ್ರಬಂಧ ಆ ಪ್ರಶ್ನೆಗೆ ಹುಡುಕಿದ ಉತ್ತರ.

ಮೊದಲು ನೂಲು. ಕೊಯಮತ್ತೂರಿನ ಮಿಲ್ಲಿನಿಂದ ತಿರುಪ್ಪೂರಿಗೆ ನೂಲು ಬಂದರೆ ಅದಕ್ಕೆ 1872ರ ಭಾರತೀಯ ಕರಾರು ಕಾಯ್ದೆ ಮತ್ತು 1930ರ ಸರಕು ಮಾರಾಟ ಕಾಯ್ದೆ ಅನ್ವಯಿಸುತ್ತವೆ. 1930ರ ಕಾಯ್ದೆ ಕರಾರಿನ ಮಾತುಗಳನ್ನು ಕಂಡಿಷನ್, ವಾರಂಟಿ ಎಂದು ಎರಡಾಗಿ ನೋಡುತ್ತದೆ. ಕಂಡಿಷನ್ ಮುರಿದರೆ ಮಾಲನ್ನೇ ಬೇಡ ಅನ್ನಬಹುದು. ವಾರಂಟಿ ಮುರಿದರೆ ನಷ್ಟಪರಿಹಾರ ಮಾತ್ರ. ಮಾಲು ಸ್ಯಾಂಪಲ್ಲಿನಂತಿರಬೇಕು ಅನ್ನೋದು ಕಂಡಿಷನ್. ಆದರೆ ನೂಲನ್ನು ಹೆಣೆದು ಬಟ್ಟೆ ಮಾಡಿದ ಮೇಲೆ ಸಾಮಾನ್ಯವಾಗಿ ಅದನ್ನು ಸ್ವೀಕರಿಸಿದಂತೆಯೇ ಲೆಕ್ಕ. ಡೈಯಿಂಗ್ ಆದಮೇಲೆ ಪಟ್ಟೆ ಕಂಡರೆ ಪರಿಹಾರ ಕೇಳಬಹುದು, ನೂಲು ವಾಪಸ್ ಕಳಿಸೋಕಾಗಲ್ಲ.

ಇನ್ನು ಷರ್ಟ್. ಅಂತರರಾಷ್ಟ್ರೀಯ ಸರಕು ಮಾರಾಟದ ವಿಯೆನ್ನಾ ಒಪ್ಪಂದ 1980ರಲ್ಲಿ ಆಯಿತು, 1988ರ ಜನವರಿ 1ರಂದು ಜಾರಿಗೆ ಬಂತು. ಜರ್ಮನಿ, ಫ್ರಾನ್ಸ್, ಅಮೆರಿಕ ಸೇರಿವೆ, ಭಾರತ ಸೇರಿಲ್ಲ. "ಹಾಗಾದ್ರೆ ನಮಗೇನು?" ಅನ್ನಬಹುದು. ಎಡವೋದು ಇಲ್ಲೇ. ಆರ್ಡರ್ ಪತ್ರದ ಕೊನೆಯಲ್ಲಿ ‘ಜರ್ಮನ್ ಕಾನೂನು ಅನ್ವಯ’ ಎಂದಿದ್ದರೆ ವಿಯೆನ್ನಾ ಒಪ್ಪಂದವೂ ಆ ಕಾನೂನಿನ ಭಾಗವಾಗಿಯೇ ಬರುತ್ತದೆ. ಬೇಡವಾದರೆ, 6ನೇ ವಿಧಿ ಕೊಡುವ ಅವಕಾಶದಂತೆ ‘ಅದು ಅನ್ವಯಿಸುವುದಿಲ್ಲ’ ಎಂದು ಬರೆಯಿಸಬೇಕು.

ಆ ಒಪ್ಪಂದದಲ್ಲಿ ಕಂಡಿಷನ್, ವಾರಂಟಿ ಎಂಬ ಭೇದವಿಲ್ಲ. ಮಾಲಿನ ದೋಷಕ್ಕಾಗಿ ಕರಾರು ರದ್ದು ಮಾಡಲು ‘ಮೂಲಭೂತ ಉಲ್ಲಂಘನೆ’ ಆಗಿರಬೇಕು. ದೋಷ ಸಣ್ಣದಾದರೆ ಗಿರಾಕಿ 50ನೇ ವಿಧಿಯಂತೆ ಬೆಲೆ ಇಳಿಸಬಹುದು. ದೋಷ ಕಂಡ ಸಮಂಜಸ ಕಾಲದೊಳಗೆ ತಿಳಿಸಬೇಕು; ಮಾಲು ಕೈಸೇರಿ ಎರಡು ವರ್ಷ ದಾಟಿದರೆ, ಸಾಮಾನ್ಯವಾಗಿ ಆ ಹಕ್ಕೇ ಹೋಗುತ್ತದೆ.

ಸಾಹಿತ್ಯದ ವಿದ್ಯಾರ್ಥಿನಿಯಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು 8ನೇ ವಿಧಿ. ಕರಾರನ್ನು ಓದುವಾಗ ಮಾತುಕತೆ, ಇಬ್ಬರ ನಡುವಿನ ರೂಢಿ, ಆಮೇಲಿನ ನಡವಳಿಕೆ ಎಲ್ಲವನ್ನೂ ನೋಡಿ ಅನ್ನುತ್ತದೆ. ನಮ್ಮ ಸಾಕ್ಷ್ಯ ಕಾನೂನು ಬರೆದ ಕರಾರನ್ನು ಬಾಯಿಮಾತಿನಿಂದ ಬದಲಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ನಾವು ಕಾವ್ಯಪಾಠದಲ್ಲಿ ಜಗಳಾಡುವ ಪಠ್ಯ-ಸಂದರ್ಭದ ಪ್ರಶ್ನೆಯೇ ಇದು, ಅಲ್ವಾ?

ಈಗ ನಡುವೆ ಸಿಕ್ಕಿಕೊಂಡವರನ್ನು ನೋಡಿ. ಪಟ್ಟೆಗೆ ಕಾರಣ ನೂಲೇ ಇರಬಹುದು. ಆದರೂ ಗಿರಾಕಿ ಒಂದು ಕಾನೂನಿನಂತೆ ಬೆಲೆ ಇಳಿಸುತ್ತಾನೆ. ಮಿಲ್ಲಿನವರ ಮುಂದೆ ಇನ್ನೊಂದು ಕಾನೂನಿನಂತೆ ನಷ್ಟ ಸಾಬೀತು ಮಾಡಬೇಕಾದವರು ಮಾವನ ಕಂಪನಿಯವರು. ನೂಲು ಹೆಣೆಯುವ ಮೊದಲು ಸ್ವಲ್ಪ ಹೆಣೆದು, ಬಣ್ಣ ಹಾಕಿ ನೋಡೋದು, ಆರ್ಡರ್ ಪತ್ರದ ಕೊನೆ ಸಾಲನ್ನು ಸಹಿಗೆ ಮೊದಲು ಓದೋದು — ಮಾವನಿಗೆ ನಾನು ಹೇಳಿದ್ದು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.