‘ಸ್ಪೈಲ್’ ಎಂಬ ಶಬ್ದದ ಅರ್ಥವ್ಯಾಪ್ತಿ

ಕಸುಬಿನಲ್ಲಿ ಹುಟ್ಟಿ ಬೆಳೆದ ಶಬ್ದಗಳ ಅರ್ಥವನ್ನು ನಿರ್ಣಯಿಸುವಲ್ಲಿ ನಿಘಂಟೊಂದೇ ಸಾಲದು. ಅವು ಯಾರ ಕೈಯಲ್ಲಿ, ಯಾವ ಕೆಲಸದ ನಡುವೆ ಪ್ರಯೋಗಗೊಂಡಿವೆ ಎಂಬುದನ್ನು ತಿಳಿದಾಗಲೇ ಅರ್ಥವು ಸ್ಪಷ್ಟವಾಗುತ್ತದೆ. ಇಂಗ್ಲಿಷಿನ ‘ಸ್ಪೈಲ್’ ಎಂಬ ಶಬ್ದವು ಇದಕ್ಕೆ ಉತ್ತಮ ನಿದರ್ಶನ. ಮರಗೆಲಸದವರು, ದೋಣಿ ಕಟ್ಟುವವರು, ಪೀಪಾಯಿಯ ವ್ಯಾಪಾರಿಗಳು, ಗಣಿಯ ಕೆಲಸಗಾರರು ಎಲ್ಲರೂ ಇದನ್ನು ಬಳಸುತ್ತಾರೆ. ಆದರೆ ಒಬ್ಬರ ಅರ್ಥ ಇನ್ನೊಬ್ಬರದಲ್ಲ.

ಈ ಶಬ್ದದ ಮೂಲವು ಮಧ್ಯಕಾಲದ ಡಚ್ ಮತ್ತು ಉತ್ತರ ಜರ್ಮನಿಯ ಭಾಷೆಗಳಲ್ಲಿದೆ. ಅಲ್ಲಿ ಅದಕ್ಕೆ ಮರದ ಸೀಳು, ಚಿಕ್ಕ ಬೆಣೆ ಎಂಬ ಅರ್ಥ. ಇಂಗ್ಲಿಷಿನಲ್ಲಿಯೂ ರಂಧ್ರವನ್ನು ಮುಚ್ಚುವ ಸಣ್ಣ ಮರದ ಬೆಣೆ ಎಂಬುದು ಇದರ ಮುಖ್ಯಾರ್ಥ. 1867ರಲ್ಲಿ ಪ್ರಕಟವಾದ ವಿಲಿಯಂ ಹೆನ್ರಿ ಸ್ಮೈತ್ ಅವರ ‘ಸೇಲರ್ಸ್ ವರ್ಡ್-ಬುಕ್’ ಎಂಬ ನಾವಿಕರ ಪದಕೋಶದಲ್ಲಿ ಈ ಅರ್ಥವು ದೊರೆಯುತ್ತದೆ. ಹಡಗಿನ ಹಲಗೆಯಿಂದ ಮೊಳೆಯನ್ನು ಕಿತ್ತಾಗ ಉಳಿಯುವ ತೂತಿನೊಳಗೆ ನೀರು ಜಿನುಗದಂತೆ ಬಡಿಯುವ ಮರದ ಕಡ್ಡಿಯೇ ಸ್ಪೈಲ್.

ಪೀಪಾಯಿಯ ಕಸುಬಿನಲ್ಲಿ ಈ ಬೆಣೆಗೆ ಎರಡು ಭೇದಗಳುಂಟು. ಪೀಪಾಯಿಯಲ್ಲಿ ಬಿಯರು ಹುದುಗುತ್ತಿರುವಾಗ ಒಳಗೆ ಅನಿಲವು ಸಂಚಯವಾಗುತ್ತದೆ. ಅದು ಮೆಲ್ಲನೆ ಹೊರಹೋಗಲೆಂದು ಸೂಕ್ಷ್ಮರಂಧ್ರಗಳುಳ್ಳ ಬಿದಿರು ಅಥವಾ ಮೆದುಮರದ ಬೆಣೆಯನ್ನು ಇಡುತ್ತಾರೆ. ಇದು ಮೃದು ಸ್ಪೈಲ್. ಹುದುಗು ಶಮನಗೊಂಡ ಬಳಿಕ ಗಾಳಿಯಾಡದ ಗಟ್ಟಿ ಬೆಣೆಯನ್ನು ಇಡುತ್ತಾರೆ; ಇದು ಕಠಿಣ ಸ್ಪೈಲ್. ಒಂದು ಬಿಡುವುದಕ್ಕೆ, ಇನ್ನೊಂದು ತಡೆಯುವುದಕ್ಕೆ.

ಉತ್ತರ ಅಮೆರಿಕದಲ್ಲಿ ಅರ್ಥವು ತಿರುವುಮುರುವಾಗಿದೆ. ಅಲ್ಲಿ ಚಳಿಗಾಲದ ಕೊನೆಗೆ, ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಮೇಪಲ್ ಮರದ ಕಾಂಡಕ್ಕೆ ಸುಮಾರು 5 ಸೆಂಟಿಮೀಟರ್ ಆಳದ ತೂತು ಕೊರೆದು ರಸವನ್ನು ಇಳಿಸುತ್ತಾರೆ. ಆ ತೂತಿಗೆ ಸಿಕ್ಕಿಸುವ ಕೊಳವೆಗೂ ಸ್ಪೈಲ್ ಎಂದೇ ಹೆಸರು. ಹಿಂದೆ ಸುಮ್ಯಾಕ್ ಗಿಡದ ಕಡ್ಡಿಯ ಒಳತಿರುಳನ್ನು ತೆಗೆದು ಈ ಕೊಳವೆಯನ್ನು ಮಾಡುತ್ತಿದ್ದರು. ಅನಂತರ ಲೋಹದವೂ ಪ್ಲಾಸ್ಟಿಕ್ಕಿನವೂ ಬಂದವು. ಸುಮಾರು 40 ಲೀಟರ್ ರಸವನ್ನು ಕಾಸಿದರೆ 1 ಲೀಟರ್ ಪಾಕ ದೊರೆಯುತ್ತದೆ. ರಂಧ್ರವನ್ನು ಮುಚ್ಚುತ್ತಿದ್ದ ವಸ್ತುವಿನ ಹೆಸರೇ ಇಲ್ಲಿ ರಸವನ್ನು ಹರಿಸುವ ವಸ್ತುವಿಗೆ ಸಂದಿದೆ.

ನೆಲದಲ್ಲಿ ಹೂಳುವ ದೊಡ್ಡ ಮರದ ಗೂಟಕ್ಕೂ ಸ್ಪೈಲ್ ಎನ್ನುವುದುಂಟು. ಗಣಿ ಮತ್ತು ಸುರಂಗಗಳಲ್ಲಿ ಸಡಿಲವಾದ ಮಣ್ಣು ಕುಸಿಯದಂತೆ, ಅಗೆಯುವ ಮುನ್ನವೇ ಚೂಪಾದ ಹಲಗೆ ಅಥವಾ ಸರಳುಗಳನ್ನು ಮುಂದಕ್ಕೆ ಬಡಿದು ಚಾವಣಿಯನ್ನು ಹಿಡಿದು ನಿಲ್ಲಿಸುವ ಕ್ರಮಕ್ಕೆ ಸ್ಪೈಲಿಂಗ್ ಎಂದು ಹೆಸರು. ಇಂಗ್ಲೆಂಡಿನಲ್ಲಿ ನದಿಯ ದಂಡೆ ಕೊರೆದುಹೋಗದಂತೆ ವಿಲೋ ಮರದ ಹಸಿ ಗೂಟಗಳನ್ನು ನೆಟ್ಟು, ಅವುಗಳ ನಡುವೆ ಅದರದೇ ಎಳೆಯ ರೆಂಬೆಗಳನ್ನು ಹೆಣೆಯುವುದಕ್ಕೂ ಅದೇ ಹೆಸರು. ಗೂಟಗಳು ಚಿಗುರಿ ಬೇರುಬಿಟ್ಟು ದಂಡೆಯನ್ನು ಬಿಗಿಹಿಡಿಯುತ್ತವೆ.

ಇನ್ನು ದೋಣಿ ಕಟ್ಟುವವರ ವಿಶೇಷಾರ್ಥವನ್ನು ನೋಡೋಣ. ಇಲ್ಲಿ ಸ್ಪೈಲಿಂಗ್ ಎಂದರೆ ವಸ್ತುವಲ್ಲ, ಒಂದು ಅಳತೆಯ ವಿಧಾನ. ದೋಣಿಯ ಒಡಲು ನಡುವೆ ಉಬ್ಬಿ ಎರಡು ತುದಿಗಳಲ್ಲಿ ಕಿರಿದಾಗುತ್ತದೆ. ಆದುದರಿಂದ ಅದನ್ನು ಹೊದಿಸುವ ಹಲಗೆಗಳು ಸಾಮಾನ್ಯವಾಗಿ ನಡುವೆ ಅಗಲವಾಗಿಯೂ ತುದಿಗಳಲ್ಲಿ ಕಿರಿದಾಗಿಯೂ ಇದ್ದು, ಅಂಚುಗಳು ಬಾಗಿರಬೇಕಾಗುತ್ತದೆ. ಹಲಗೆಯನ್ನು ಅದರ ದಪ್ಪದ ದಿಕ್ಕಿನಲ್ಲಿ ಬಗ್ಗಿಸಬಹುದು. ಅಗಲದ ದಿಕ್ಕಿನಲ್ಲಿ ಬಗ್ಗಿಸುವುದು ಕಷ್ಟಸಾಧ್ಯ. ನೇರ ಅಂಚಿನ ಹಲಗೆಯನ್ನು ಬಲವಂತದಿಂದ ಕೂರಿಸಿದರೆ ಅದು ಅಡ್ಡಮರಗಳಿಂದ ಮೇಲೇಳುತ್ತದೆ, ಇಲ್ಲವೆ ಸೀಳುತ್ತದೆ. ಹೊದಿಸಿದಾಗ ಸರಿಯಾಗಿ ಕೂರಬೇಕಾದ ಬಾಗಿದ ಅಂಚನ್ನು, ಹಲಗೆಯು ಚಪ್ಪಟೆಯಾಗಿರುವಾಗಲೇ ಗುರುತಿಸುವುದು ಹೇಗೆ?

ಇದಕ್ಕೆ ಕುಶಲಿಗಳು ಕಂಡುಕೊಂಡ ಉಪಾಯ ಸರಳವಾದುದು. ಹೊಸ ಹಲಗೆ ಬರಬೇಕಾದ ಜಾಗದಲ್ಲಿ, ಅದಕ್ಕಿಂತ ಕಿರಿದಾದ ತೆಳುವಾದ ಪಟ್ಟಿಯೊಂದನ್ನು ಅಡ್ಡಮರಗಳ ಮೇಲೆ ಒತ್ತಾಯವಿಲ್ಲದೆ ಒರಗಿಸಿ ಸಣ್ಣ ಮೊಳೆಗಳಿಂದ ನಿಲ್ಲಿಸುತ್ತಾರೆ. ಕೈವಾರವನ್ನು ಒಂದು ನಿಶ್ಚಿತ ಅಂತರಕ್ಕೆ ತೆರೆದು, ಈಗಾಗಲೇ ಕೂರಿಸಿದ ಕೆಳಹಲಗೆಯ ಅಂಚಿನ ಮೇಲೆ ಪ್ರತಿಯೊಂದು ಅಡ್ಡಮರದ ಬಳಿ ಮುಳ್ಳನ್ನಿಟ್ಟು, ಪಟ್ಟಿಯ ಮೇಲೆ ಕಂಸವನ್ನು ಎಳೆಯುತ್ತಾರೆ. ಬಳಿಕ ಪಟ್ಟಿಯನ್ನು ಬಿಚ್ಚಿ ಹೊಸ ಹಲಗೆಯ ಮೇಲೆ ಚಪ್ಪಟೆಯಾಗಿ ಹಾಸುತ್ತಾರೆ. ಪ್ರತಿ ಕಂಸದ ಮೇಲೆ ಎರಡು ಬಿಂದುಗಳನ್ನು ಆರಿಸಿ, ಅದೇ ಅಂತರದ ಕೈವಾರದಿಂದ ಹಲಗೆಯ ಮೇಲೆ ಎರಡು ಕಂಸಗಳನ್ನು ಎಳೆದರೆ, ಅವು ಛೇದಿಸುವ ಸ್ಥಳವೇ ಅಂಚಿನ ಬಿಂದು. ಇಂತಹ ಬಿಂದುಗಳನ್ನೆಲ್ಲ ಬಳುಕುವ ಕಡ್ಡಿಯೊಂದರ ಆಸರೆಯಿಂದ ನಯವಾಗಿ ಜೋಡಿಸಿದರೆ ಕತ್ತರಿಸಬೇಕಾದ ಗೆರೆ ದೊರೆಯುತ್ತದೆ.

ಇದರ ಹಿಂದಿರುವುದು ಶಾಲೆಯ ಮಕ್ಕಳಿಗೂ ತಿಳಿದಿರುವ ರೇಖಾಗಣಿತ. ವೃತ್ತದ ಮೇಲಿನ ಬಿಂದುಗಳೆಲ್ಲವೂ ಕೇಂದ್ರದಿಂದ ಸಮಾನ ದೂರದಲ್ಲಿರುತ್ತವೆ. ಆದುದರಿಂದ ಕಂಸದ ಎರಡು ಬಿಂದುಗಳೂ ತ್ರಿಜ್ಯವೂ ತಿಳಿದರೆ ಕಣ್ಮರೆಯಾದ ಕೇಂದ್ರವನ್ನು ಮತ್ತೆ ಪಡೆಯಬಹುದು. ಆದರೆ ಎರಡು ನಿಯಮಗಳನ್ನು ಮೀರಲಾಗದು. ಮೊದಲನೆಯದಾಗಿ, ಕೆಲಸ ಮುಗಿಯುವವರೆಗೆ ಕೈವಾರದ ಅಂತರ ಬದಲಾಗಬಾರದು. ಅದಕ್ಕಾಗಿಯೇ ಆ ಅಂತರವನ್ನು ಪಟ್ಟಿಯ ಮೇಲೆಯೇ ಗುರುತುಮಾಡಿಡುವ ರೂಢಿಯಿದೆ. ಎರಡನೆಯದಾಗಿ, ಪಟ್ಟಿಯನ್ನು ಅಂಚಿನ ದಿಕ್ಕಿಗೆ ಎಳೆದು ಬಾಗಿಸಬಾರದು. ಬಾಗಿಸಿದ ಪಟ್ಟಿ ಬಿಚ್ಚಿದೊಡನೆ ನೇರವಾಗುತ್ತದೆ. ಅದು ಹೊತ್ತು ತಂದ ಅಳತೆಗಳೆಲ್ಲ ಸುಳ್ಳಾಗುತ್ತವೆ. ಅಳತೆ ತಪ್ಪಿದರೆ ಉತ್ತಮ ಮರ ವ್ಯರ್ಥ. ತಪ್ಪನ್ನು ಮರೆಮಾಡಿ ಕೂರಿಸಿದರೆ ದೋಣಿಯಲ್ಲಿರುವವರ ಪ್ರಾಣಕ್ಕೇ ಅಪಾಯ.

ಇಷ್ಟೆಲ್ಲ ಅರ್ಥಗಳುಳ್ಳ ಶಬ್ದವನ್ನು ಕನ್ನಡಕ್ಕೆ ತರುವಾಗ ಎಲ್ಲೆಡೆಯೂ ‘ಬೆಣೆ’ ಎಂದುಬಿಟ್ಟರೆ ಅನರ್ಥವಾದೀತು. ಪೀಪಾಯಿಯ ಸಂದರ್ಭದಲ್ಲಿ ಬಿರಡೆ, ನೆಲದ ಸಂದರ್ಭದಲ್ಲಿ ಗೂಟ, ಮೇಪಲ್ ಮರದಲ್ಲಿ ಕೊಳವೆ, ದೋಣಿಯಲ್ಲಿ ಅಂಚಿನ ಅಳತೆ ಎಂದು ಸಂದರ್ಭಾನುಸಾರ ಹೇಳುವುದೇ ಯುಕ್ತ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಾಜುನಾರಿನ ದೋಣಿಗಳು ಬಳಕೆಗೆ ಬಂದವು. ಅಚ್ಚಿನಲ್ಲಿ ಒಂದೇ ಒಡಲಾಗಿ ಮೂಡುವ ಅವುಗಳಿಗೆ ಹಲಗೆಯೂ ಬೇಡ, ಅಂಚಿನ ಅಳತೆಯೂ ಬೇಡ. ಹಳೆಯ ಮರದ ದೋಣಿಗಳನ್ನು ದುರಸ್ತಿ ಮಾಡುವವರೂ, ಮರದಲ್ಲಿಯೇ ಕಟ್ಟುವ ಕೆಲವರೂ ಈ ವಿಧಾನವನ್ನು ಉಳಿಸಿಕೊಂಡಿದ್ದಾರೆ. ಕಸುಬು ಮರೆಯಾದರೆ ಶಬ್ದವು ನಿಘಂಟಿನಲ್ಲಿ ಉಳಿದೀತು. ಅದರ ಅರ್ಥವನ್ನು ಕೈಯಿಂದ ಮಾಡಿ ತೋರಿಸಬಲ್ಲವರು ಇರುವವರೆಗೆ ಮಾತ್ರ ಅದು ಜೀವಂತ ಶಬ್ದ.