ಬೇಸಿಗೆಯಲ್ಲಿ ನೀರಿನ ದಂಡೆಯ ಓಟ: ಹಿತವೂ ಇರಲಿ, ಎಚ್ಚರವೂ ಇರಲಿ

ಏಪ್ರಿಲ್, ಮೇ ತಿಂಗಳು ಬಂತೆಂದರೆ ಬಾಗಲಕೋಟೆ, ಹುನಗುಂದ, ಇಳಕಲ್ ಕಡೆ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸತೇನಲ್ಲ. ಇಂಥ ದಿನಗಳಲ್ಲಿ ಓಡುವುದೇ ಎಂದು ಮನೆಯ ಹಿರಿಯರು ಹುಬ್ಬೇರಿಸಬಹುದು. ಆದರೆ ಹೊತ್ತು, ಜಾಗ, ವೇಗ ಈ ಮೂರನ್ನೂ ತಿಳಿದು ಆರಿಸಿಕೊಂಡರೆ ಬೇಸಿಗೆಯ ಓಟವೂ ಸುಖಕರವೇ. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಗುಂಟ ಭೂತನಾಥ ಗುಡಿಗಳತ್ತ ಸಾಗುವ ದಾರಿ, ಬಾಗಲಕೋಟೆಯ ಹಿನ್ನೀರಿನ ಆಸುಪಾಸು, ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಕೂಡಲಸಂಗಮ ಹೀಗೆ ನೀರಿನ ಬದಿಯ ತಂಗಾಳಿ ಸವಿಯಲು ಈ ಜಿಲ್ಲೆಯಲ್ಲಿ ಜಾಗಕ್ಕೆ ಕೊರತೆಯಿಲ್ಲ.

ದೇಹ ಕಾಯುವುದೇಕೆ?

ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗವಷ್ಟೇ ಚಲನೆಗೆ ಒದಗುತ್ತದೆ. ಉಳಿದದ್ದೆಲ್ಲ ಶಾಖವಾಗುತ್ತದೆ. ಗಾಳಿ ತಂಪಾಗಿದ್ದರೆ ಈ ಶಾಖ ಚರ್ಮದಿಂದ ತಾನಾಗಿಯೇ ಹೊರಹೋಗುತ್ತದೆ. ಗಾಳಿಯೇ ಚರ್ಮಕ್ಕಿಂತ ಬಿಸಿಯಾದಾಗ ದೇಹಕ್ಕೆ ಉಳಿಯುವುದು ಒಂದೇ ಉಪಾಯ, ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ.

ಇಲ್ಲೊಂದು ಮೋಸವಿದೆ. ನಮ್ಮ ಬಯಲುಸೀಮೆಯ ಒಣ ಗಾಳಿಯಲ್ಲಿ ಬೆವರು ಬಂದಷ್ಟೇ ಬೇಗ ಆರಿಹೋಗುತ್ತದೆ. ‘ನಾನು ಬೆವರಲೇ ಇಲ್ಲ’ ಎಂದುಕೊಳ್ಳುತ್ತೀರಿ. ಅಂಗಿಯ ಮೇಲೆ ಮೂಡಿದ ಉಪ್ಪಿನ ಬಿಳಿ ಗೆರೆಗಳು ನಿಜ ಹೇಳುತ್ತವೆ. ಆದ್ದರಿಂದ ಬೆವರನ್ನು ನೋಡಿ ನೀರು ಕುಡಿಯುವ ಲೆಕ್ಕ ಹಾಕಬೇಡಿ.

ಯಾವ ಹೊತ್ತು ಒಳ್ಳೆಯದು?

ಸೂರ್ಯ ಹುಟ್ಟುವ ಹೊತ್ತೇ ದಿನದ ಅತ್ಯಂತ ತಂಪಾದ ಹೊತ್ತು. ಬೆಳಿಗ್ಗೆ ಆರರಿಂದ ಏಳರೊಳಗೆ ಓಟ ಮುಗಿಸಿ. ಸಂಜೆ ಓಡಬಾರದೇ ಎಂದು ನೀವು ಕೇಳಬಹುದು. ಬಾದಾಮಿಯ ಕೆಂಪು ಬಂಡೆಗಳು ಹಗಲೆಲ್ಲ ಹೀರಿದ ಶಾಖವನ್ನು ಸೂರ್ಯ ಮುಳುಗಿದ ಮೇಲೂ ಬಿಡುತ್ತಿರುತ್ತವೆ. ಡಾಂಬರು ರಸ್ತೆಯ ಕಥೆಯೂ ಅದೇ. ಕತ್ತಲಾದ ಮೇಲೆ ನಡಿಗೆಯಾದರೆ ಸಾಕು.

ಬಿಸಿಲಿಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಮೊದಲ ದಿನಗಳಲ್ಲಿ 15 ನಿಮಿಷ ಸಾಕು, ಮೆಲ್ಲಗೆ ಹೆಚ್ಚಿಸಿ. ಓಡುತ್ತ ಜೊತೆಗಾರರೊಡನೆ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಏದುಸಿರು ಬಂದರೆ ನಡೆಯಿರಿ. ಇಳಕಲ್ಲಿನ ನೇಕಾರರಂತೆ, ಅಂಗಡಿ ಕಚೇರಿಗಳವರಂತೆ ದಿನವಿಡೀ ಕುಳಿತು ದುಡಿಯುವವರು ನಡಿಗೆಯಿಂದಲೇ ಆರಂಭಿಸಲಿ. ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಏನು ಕುಡಿಯಬೇಕು?

ಹೊರಡುವ ಮುನ್ನ ಒಂದು ಲೋಟ ನೀರು, ಬಂದ ಮೇಲೆ ಉಪ್ಪು ಹಾಕಿದ ತೆಳು ಮಜ್ಜಿಗೆ ಅಥವಾ ಲಿಂಬೆ ಪಾನಕ. ದುಬಾರಿ ಬಾಟಲಿ ಪಾನೀಯ ಬೇಕಿಲ್ಲ. ಮೂತ್ರ ತಿಳಿಹಳದಿ ಇದ್ದರೆ ನೀರು ಸಾಕಾಗಿದೆ, ಗಾಢವಾಗಿದ್ದರೆ ಸಾಲದು. ಹಾಗೆಂದು ಬಾಯಾರಿಕೆಯಿಲ್ಲದೆ ಲೀಟರುಗಟ್ಟಲೆ ಕುಡಿಯುವುದೂ ತಪ್ಪು, ಅದರಿಂದ ರಕ್ತದಲ್ಲಿ ಸೋಡಿಯಂ ಅಪಾಯಕರವಾಗಿ ಇಳಿಯಬಹುದು. ಮೈ ತಂಪಾಗಲೆಂದು ಕೆರೆಗೆ ಜಿಗಿಯಲೂ ಬೇಡಿ. ಪಾಚಿಗಟ್ಟಿದ ಮೆಟ್ಟಿಲು ಜಾರುತ್ತದೆ, ಆಳ ಕಾಣುವುದಿಲ್ಲ.

ರಕ್ತದೊತ್ತಡ ಅಥವಾ ಹೃದಯದ ಕಾಯಿಲೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಓಟಕ್ಕಿಳಿಯಬಾರದು. ಜ್ವರ, ಭೇದಿಯಾದ ದಿನ ಯಾರೂ ಓಡಬಾರದು.

ಅಪಾಯದ ಗಂಟೆ

ತಲೆಸುತ್ತು, ವಾಕರಿಕೆ, ತಲೆನೋವು, ಸ್ನಾಯು ಸೆಳೆತ ಕಂಡರೆ ಕೂಡಲೇ ನಿಂತು ನೆರಳಿಗೆ ಹೋಗಿ, ನೀರು ಕುಡಿಯಿರಿ. ಮಾತು ತೊದಲಿದರೆ, ನಡಿಗೆ ತೂರಾಡಿದರೆ, ಎಲ್ಲಿದ್ದೇನೆಂಬುದು ತಿಳಿಯದಂತಾದರೆ ಅದು ಉಷ್ಣಾಘಾತ. ಆಗ ದೇಹದೊಳಗಿನ ಉಷ್ಣತೆ 40 ಡಿಗ್ರಿ ದಾಟಿರಬಹುದು. ಮೈ ಇನ್ನೂ ಬೆವರುತ್ತಿದೆ ಎಂದು ನಿರ್ಲಕ್ಷಿಸಬೇಡಿ. ಓಟಗಾರರಲ್ಲಿ ಬೆವರು ನಿಲ್ಲದೆಯೂ ಉಷ್ಣಾಘಾತವಾಗುತ್ತದೆ.

ಇಲ್ಲಿ ನಿಮಿಷಗಳ ಲೆಕ್ಕವೇ ಜೀವದ ಲೆಕ್ಕ. ಒಬ್ಬರು 108ಕ್ಕೆ ಫೋನ್ ಮಾಡಲಿ. ಆಂಬುಲೆನ್ಸ್ ಬರುವವರೆಗೆ ಕಾಯದೆ ಇನ್ನೊಬ್ಬರು ರೋಗಿಯನ್ನು ನೆರಳಿನಲ್ಲಿ ಮಲಗಿಸಿ, ಹೆಚ್ಚಿನ ಬಟ್ಟೆ ಸಡಿಲಿಸಿ, ಮೈಮೇಲೆ ಧಾರಾಳವಾಗಿ ತಣ್ಣೀರು ಸುರಿದು ಗಾಳಿ ಬೀಸಲಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಜ್ವರದ ಮಾತ್ರೆ ಇದಕ್ಕೆ ಉಪಯೋಗವಿಲ್ಲ.

ಇದಕ್ಕಾಗಿಯೇ ಬೇಸಿಗೆಯಲ್ಲಿ ಒಂಟಿಯಾಗಿ ಓಡಬೇಡಿ. ಮನೆಯವರನ್ನೋ ನೆರೆಯವರನ್ನೋ ಜೊತೆಗೆ ಕರೆದುಕೊಳ್ಳಿ. ಒಬ್ಬರ ಮೇಲೊಬ್ಬರ ಕಣ್ಣಿದ್ದರೆ ದಂಡೆಯ ಓಟ ಸುರಕ್ಷಿತ, ಜೊತೆಗೆ ಬೆಳಗಿನ ಹರಟೆಯೂ ಲಾಭ.