ಧರ್ಮಸಭೆಯ ಅಧಿಕಾರ ಮತ್ತು ವಿಶ್ವಾಸಿಯ ಅಂತರಂಗ

ಗುರುಅಭ್ಯರ್ಥಿಯೊಬ್ಬನು ಗುರುದೀಕ್ಷೆಗೆ ಅರ್ಹನೇ ಎಂಬುದನ್ನು ಗುರುಮಠದ ಹಿರಿಯರು ವಿಮರ್ಶಿಸುವಾಗ, ಅವನನ್ನು ಎಲ್ಲರಿಗಿಂತ ಹತ್ತಿರದಿಂದ ಬಲ್ಲವರೊಬ್ಬರನ್ನು ಏನನ್ನೂ ಕೇಳುವಂತಿಲ್ಲ. ಅವರೇ ಅವನ ಆಧ್ಯಾತ್ಮಿಕ ನಿರ್ದೇಶಕರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 240ನೆಯ ವಿಧಿಯು, ಅಭ್ಯರ್ಥಿಗೆ ದೀಕ್ಷೆ ನೀಡುವ ಅಥವಾ ಅವನನ್ನು ಹಿಂದಕ್ಕೆ ಕಳುಹಿಸುವ ತೀರ್ಮಾನದಲ್ಲಿ ಆಧ್ಯಾತ್ಮಿಕ ನಿರ್ದೇಶಕರ ಹಾಗೂ ಪಾಪನಿವೇದನೆ ಆಲಿಸುವ ಗುರುಗಳ ಅಭಿಪ್ರಾಯವನ್ನು ಎಂದಿಗೂ ಕೇಳಕೂಡದೆಂದು ವಿಧಿಸುತ್ತದೆ. ತಿಳಿದವರನ್ನು ಬಿಟ್ಟು ಉಳಿದವರು ತೀರ್ಮಾನಿಸುವುದು ವಿವೇಕವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಉತ್ತರವನ್ನು ಅರಸಿದಾಗ ಸಭಾನಾಯಕರ ಆಧ್ಯಾತ್ಮಿಕ ಅಧಿಕಾರದ ಸ್ವರೂಪವೂ ಅದರ ಎಲ್ಲೆಯೂ ನಮಗೆ ಸ್ಪಷ್ಟವಾಗುತ್ತವೆ.

ಎರಡು ಕ್ಷೇತ್ರಗಳು

ಧರ್ಮಸಭೆಯ ಕಾನೂನು ಬಹಿರಂಗ ಕ್ಷೇತ್ರ, ಅಂತರಂಗ ಕ್ಷೇತ್ರ ಎಂಬ ಎರಡು ಕ್ಷೇತ್ರಗಳನ್ನು ಗುರುತಿಸುತ್ತದೆ. 'ಕ್ಷೇತ್ರ' ಎಂದು ನಾವಿಲ್ಲಿ ಕರೆಯುವುದಕ್ಕೆ ಲ್ಯಾಟಿನ್ ಭಾಷೆಯಲ್ಲಿರುವ ಪದ 'ಫೋರುಮ್'. ರೋಮನರ ನಗರಗಳಲ್ಲಿ ಜನರು ಸೇರುತ್ತಿದ್ದ, ವ್ಯಾಜ್ಯಗಳು ತೀರ್ಮಾನವಾಗುತ್ತಿದ್ದ ಚೌಕಕ್ಕೆ ಆ ಹೆಸರಿತ್ತು. ನಡತೆ, ಅಧ್ಯಯನ, ಸೇವೆ, ಸಾಕ್ಷ್ಯ ಮೊದಲಾಗಿ ಇತರರು ಕಂಡು ಅಳೆಯಬಹುದಾದುದೆಲ್ಲ ಬಹಿರಂಗಕ್ಕೆ ಸೇರುತ್ತದೆ. ವಿಶ್ವಾಸಿಯು ದೇವರ ಮುಂದೆ ನಿಂತು, ಪಾಪನಿವೇದನೆಯ ಸಂಸ್ಕಾರದಲ್ಲಾಗಲಿ ಆಧ್ಯಾತ್ಮಿಕ ನಿರ್ದೇಶನದಲ್ಲಾಗಲಿ ತೆರೆದಿಡುವುದು ಅಂತರಂಗಕ್ಕೆ ಸೇರುತ್ತದೆ. ಎರಡರಲ್ಲಿಯೂ ಧರ್ಮಸಭೆಯೇ ಸೇವೆಗೈಯುತ್ತದೆ. ಆದರೆ ಒಂದರಲ್ಲಿ ತಿಳಿದುದನ್ನು ಇನ್ನೊಂದರ ಆಡಳಿತಕ್ಕೆ ಒಯ್ಯುವಂತಿಲ್ಲ.

ಪವಿತ್ರ ಗ್ರಂಥದ ಆಧಾರ

ಈ ಭೇದ ಕೇವಲ ಕಾನೂನು ಪಂಡಿತರ ಸೃಷ್ಟಿಯಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದ ಕೊನೆಯಲ್ಲಿ ಸಂತ ಪೌಲರು ತಾವು ಆ ಸಭೆಯ ವಿಶ್ವಾಸದ ಒಡೆಯರಲ್ಲ, ಅವರ ಸಂತೋಷಕ್ಕಾಗಿ ದುಡಿಯುವ ಜೊತೆಗಾರರು ಎನ್ನುತ್ತಾರೆ. ಹೀಗೆನ್ನುವವರು ಅಧಿಕಾರವಿಲ್ಲದವರಲ್ಲ, ಅದೇ ಸಭೆಯನ್ನು ಕಟುವಾಗಿ ತಿದ್ದಿದ ಪ್ರೇಷಿತರು. ಸಂತ ಪೇತ್ರರ ಮೊದಲ ಪತ್ರದ ಐದನೆಯ ಅಧ್ಯಾಯವೂ ಸಭೆಯ ಹಿರಿಯರು ಮಂದೆಯ ಮೇಲೆ ದೊರೆತನ ನಡೆಸದೆ ಮಾದರಿಯಾಗಿರಬೇಕೆಂದು ಆದೇಶಿಸುತ್ತದೆ. ಪ್ರೇಷಿತರ ಅಧಿಕಾರ ನಿಜವಾದುದೇ. ಆದರೆ ಅದು ಆತ್ಮವನ್ನು ಕ್ರಿಸ್ತರ ಬಳಿಗೆ ಕರೆದೊಯ್ಯುತ್ತದೆಯೇ ಹೊರತು ಕ್ರಿಸ್ತರ ಸ್ಥಾನದಲ್ಲಿ ತಾನೇ ಕುಳಿತುಕೊಳ್ಳುವುದಿಲ್ಲ. ಮನಸ್ಸಾಕ್ಷಿಯನ್ನು ಮಾನವನು ದೇವರೊಡನೆ ಏಕಾಂತದಲ್ಲಿರುವ ಗರ್ಭಗುಡಿಯೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 'ಗೌದಿಯುಮ್ ಎತ್ ಸ್ಪೆಸ್' ಸಂವಿಧಾನದ 16ನೆಯ ಪರಿಚ್ಛೇದದಲ್ಲಿ ಬಣ್ಣಿಸುವುದು ಇದೇ ಅರ್ಥದಲ್ಲಿ.

1890ರ ಆಜ್ಞಾಪತ್ರ

ಈ ಎಲ್ಲೆ ಎಷ್ಟು ಸುಲಭವಾಗಿ ಅಳಿಸಿಹೋಗಬಲ್ಲುದೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕ ಧಾರ್ಮಿಕ ಸಂಸ್ಥೆಗಳ ನಿಯಮಾವಳಿಗಳು, ಸದಸ್ಯರು ತಮ್ಮ ಮೇಲಧಿಕಾರಿಗಳಿಗೆ ಮನಸ್ಸಾಕ್ಷಿಯನ್ನು ತೆರೆದು ತೋರಿಸಬೇಕೆಂದು ಕಡ್ಡಾಯಪಡಿಸಿದ್ದವು. ಮೂಲದಲ್ಲಿ ಅದು ಸದುದ್ದೇಶದ ಪದ್ಧತಿ. ಆದರೆ ಕೆಲಸ ಹಂಚುವ, ಶಿಸ್ತುಕ್ರಮ ಕೈಗೊಳ್ಳುವ ವ್ಯಕ್ತಿಯೇ ಅಂತರಂಗದ ಕೀಲಿಯನ್ನೂ ಹಿಡಿದುಕೊಂಡಾಗ ವಿಧೇಯತೆಯು ಭಯವಾಗಿ ಮಾರ್ಪಟ್ಟಿತು. ಯಾವ ಸಹೋದರಿ ಪರಮಪ್ರಸಾದ ಸ್ವೀಕರಿಸಬಹುದೆಂಬುದನ್ನೂ ಕೆಲವೆಡೆ ಮೇಲಧಿಕಾರಿಗಳೇ ನಿರ್ಧರಿಸತೊಡಗಿದ್ದರು.

ಹದಿಮೂರನೆಯ ಲಿಯೋ ಜಗದ್ಗುರುಗಳ ಕಾಲದಲ್ಲಿ, 1890ರ ಡಿಸೆಂಬರ್ 17ರಂದು ಹೊರಬಿದ್ದ 'ಕ್ವೆಮಾದ್ಮೊದುಮ್' ಆಜ್ಞಾಪತ್ರವು ಕನ್ಯಾಸ್ತ್ರೀಯರ ಹಾಗೂ ಗುರುದೀಕ್ಷೆಯಿಲ್ಲದ ಸಹೋದರರ ಸಂಸ್ಥೆಗಳಲ್ಲಿ ಅಂತಹ ನಿಯಮಗಳನ್ನು ರದ್ದುಗೊಳಿಸಿತು. ಮನಸ್ಸಾಕ್ಷಿಯನ್ನು ತೆರೆಯುವಂತೆ ಸದಸ್ಯರನ್ನು ಪ್ರೇರೇಪಿಸುವುದನ್ನೂ ಅದು ನಿಷೇಧಿಸಿತು. ಸ್ವಇಚ್ಛೆಯಿಂದ ಹೃದಯ ತೆರೆಯುವ ಸ್ವಾತಂತ್ರ್ಯವನ್ನು ಮಾತ್ರ ಹಾಗೆಯೇ ಉಳಿಸಿತು. ಇದೇ ಬೋಧನೆ 1917ರ ಸಂಹಿತೆಯಲ್ಲಿ ಸೇರಿ, ಇಂದಿನ ಸಂಹಿತೆಯ 630ನೆಯ ವಿಧಿಯಲ್ಲಿ ಮುಂದುವರಿದಿದೆ. ಸದಸ್ಯರು ಮೇಲಧಿಕಾರಿಗಳನ್ನು ವಿಶ್ವಾಸದಿಂದ ಸಮೀಪಿಸಲಿ. ಮೇಲಧಿಕಾರಿಗಳು ಮಾತ್ರ ಯಾವ ಬಗೆಯಲ್ಲಿಯೂ ಅವರ ಅಂತರಂಗವನ್ನು ಹೊರತೆಗೆಯಲು ಯತ್ನಿಸದಿರಲಿ ಎಂಬುದು ಅದರ ಸಾರ.

ಈ ನಿಯಮಕ್ಕೆ ತೆರುವ ಬೆಲೆ

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರಿಸಬೇಕು. ಅಭ್ಯರ್ಥಿಯು ದೀಕ್ಷೆಗೆ ತಕ್ಕವನಲ್ಲವೆಂದು ನಿರ್ದೇಶಕರಿಗೆ ಖಚಿತವಾಗಿ ತಿಳಿದಿದ್ದರೆ? ಅವರು ಅದನ್ನು ಅವನಿಗೇ ಮುಚ್ಚುಮರೆಯಿಲ್ಲದೆ ಹೇಳಬೇಕು. ಹಿಂದೆ ಸರಿಯುವಂತೆ, ಇಲ್ಲವೇ ತಾನಾಗಿಯೇ ಗುರುಮಠದ ಮುಖ್ಯಸ್ಥರಿಗೆ ತಿಳಿಸುವಂತೆ ಒತ್ತಾಯಿಸಬೇಕು. ಮುಖ್ಯಸ್ಥರ ಕಿವಿಗೆ ತಾವೇ ಹಾಕುವಂತಿಲ್ಲ. ಇದರಿಂದ ಕೆಲವೊಮ್ಮೆ ತಕ್ಕವನಲ್ಲದವನು ದೀಕ್ಷೆ ಪಡೆಯುವ ಅಪಾಯವಿದೆ; ಅದನ್ನು ನಾವು ಮರೆಮಾಚಬಾರದು. ಆದರೆ ಆ ಗೋಡೆ ಒಮ್ಮೆ ಕುಸಿದರೆ ಮುಂದೆ ಯಾವ ಅಭ್ಯರ್ಥಿಯೂ ತನ್ನ ಗಾಯವನ್ನು ಯಾರಿಗೂ ತೋರಿಸುವುದಿಲ್ಲ. ಅವನು ಹಿರಿಯರ ಮೆಚ್ಚುಗೆಗೆಂದೇ ಒಂದು ಮುಖವನ್ನು ರೂಢಿಸಿಕೊಳ್ಳುತ್ತಾನೆ. ವಾಸಿಯಾಗದ ಗಾಯವನ್ನು ಹೊತ್ತುಕೊಂಡೇ ಬಲಿಪೀಠವನ್ನೇರುತ್ತಾನೆ. ಅದರ ಬೆಲೆಯನ್ನು ತೆರುವವರು ಧರ್ಮಕೇಂದ್ರದ ಜನ.

ಇನ್ನೊಂದು ಎಚ್ಚರವೂ ಅಗತ್ಯ. ಈ ಗೋಡೆಯು ಅಪರಾಧಿಗೆ ಅಡಗುತಾಣವಲ್ಲ. ಕಂಡ, ಕೇಳಿದ, ದೂರಾಗಿ ಬಂದ ದೌರ್ಜನ್ಯವು ಬಹಿರಂಗಕ್ಕೆ ಸೇರಿದ್ದು. ಅದನ್ನು ಬಹಿರಂಗದಲ್ಲಿಯೇ ವಿಚಾರಿಸಬೇಕು. ಅಂಥದನ್ನು ತಡಮಾಡದೆ ವರದಿ ಮಾಡುವ ಹೊಣೆಯನ್ನು ಫ್ರಾನ್ಸಿಸ್ ಜಗದ್ಗುರುಗಳು 2019ರ ಮೇ ತಿಂಗಳ 'ವೋಸ್ ಎಸ್ತಿಸ್ ಲುಕ್ಸ್ ಮುಂದಿ' ಶಾಸನದ ಮೂಲಕ ಗುರುಗಳ ಹಾಗೂ ಧಾರ್ಮಿಕರ ಮೇಲೆ ಹೊರಿಸಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಅವರು, ಮೇಲಧಿಕಾರಿಗಳು ಎರಡೂ ಕ್ಷೇತ್ರಗಳನ್ನು ಬೆರೆಸುವುದು ಪಾಪವೆಂದು ಎಚ್ಚರಿಸಿದ್ದರು. ಒಬ್ಬರೇ ಹೇಳಿದ ಈ ಎರಡು ಮಾತುಗಳಲ್ಲಿ ವಿರೋಧವಿಲ್ಲ. ಬಹಿರಂಗವನ್ನು ಗುಟ್ಟಾಗಿಡುವುದೂ ಅಂತರಂಗವನ್ನು ಬಯಲಿಗೆಳೆಯುವುದೂ ಒಂದೇ ಎಲ್ಲೆಯ ಉಲ್ಲಂಘನೆ.

ಗುರುಮಠದಿಂದ ಧರ್ಮಕೇಂದ್ರಕ್ಕೆ

ನಮ್ಮ ನಾಡಿನಲ್ಲಿ ಈ ವಿಚಾರಕ್ಕೆ ವಿಶೇಷ ಭಾರವಿದೆ. ವಿಶ್ವಾಸಿಗಳು ನಮ್ಮನ್ನು ಗುರುಗಳೆಂದೂ ಸ್ವಾಮಿಗಳೆಂದೂ ಕರೆಯುತ್ತಾರೆ. ಗುರುವಿಗೆ ಸಂಪೂರ್ಣವಾಗಿ ಶರಣಾಗುವುದೇ ಭಕ್ತಿಯೆಂಬ ಭಾವನೆ ಆ ಪದಗಳೊಡನೆ ಬಹುಕಾಲದಿಂದ ಬೆಳೆದು ಬಂದಿದೆ. ಆ ಗೌರವ ನಮಗೆ ಹಿತವೆನಿಸುತ್ತದೆ, ಅಪಾಯವಿರುವುದೂ ಅಲ್ಲಿಯೇ. ಮತ್ತಾಯನ ಶುಭಸಂದೇಶದ 23ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು ಶಿಷ್ಯರಿಗೆ ಇರುವ ಬೋಧಕನು ಒಬ್ಬನೇ, ಉಳಿದವರೆಲ್ಲ ಸಹೋದರರು ಎಂದು ಕಲಿಸಿದರು.

ಆದ್ದರಿಂದ ಪಾಪನಿವೇದನೆಯಲ್ಲಿ ಕೇಳಿದುದರ ನೆರಳೂ ನಮ್ಮ ಪ್ರಬೋಧನೆಯ ಮೇಲೆ ಬೀಳಬಾರದು. ಅದರಿಂದ ತಿಳಿದುದನ್ನು ಆಡಳಿತಕ್ಕೆ ಬಳಸುವುದನ್ನು 984ನೆಯ ವಿಧಿ ನಿಷೇಧಿಸುತ್ತದೆ. ಧರ್ಮಕೇಂದ್ರದ ಸಮಿತಿಗೆ ಒಬ್ಬರನ್ನು ಸೇರಿಸುವಾಗಲೂ ಬಿಡುವಾಗಲೂ ಈ ನೆನಪಿರಲಿ. ಮದುವೆ ಅಥವಾ ಧಾರ್ಮಿಕ ಕರೆಯ ವಿಷಯದಲ್ಲಿ ಸಲಹೆ ಕೇಳಿ ಬಂದ ಯುವತಿಗೆ ನಾವು ಬೆಳಕು ತೋರಬಹುದು. ಅವಳ ಪರವಾಗಿ ನಾವೇ ನಿರ್ಧರಿಸಲಾಗದು. ಜೀವನದ ಅಂತಸ್ತನ್ನು ಒತ್ತಾಯವಿಲ್ಲದೆ ಆರಿಸಿಕೊಳ್ಳುವ ಹಕ್ಕನ್ನು 219ನೆಯ ವಿಧಿ ಪ್ರತಿಯೊಬ್ಬ ವಿಶ್ವಾಸಿಗೂ ಕೊಟ್ಟಿದೆ. ಹಾಗೆಂದು ನಮ್ಮ ಬೋಧನಾ ಸೇವೆಯ ತೂಕವೇನೂ ಕಡಿಮೆಯಾಗುವುದಿಲ್ಲ. ಮನಸ್ಸಾಕ್ಷಿಯೂ ತಪ್ಪಬಲ್ಲುದು, ಅದಕ್ಕೆ ದೇವರ ವಾಕ್ಯದ, ಧರ್ಮಸಭೆಯ ಬೋಧನೆಯ ಪೋಷಣೆ ಬೇಕು. ಆದರೆ ಪೋಷಿಸುವುದು ಬೇರೆ, ವಶಪಡಿಸಿಕೊಳ್ಳುವುದು ಬೇರೆ.

ಆಧ್ಯಾತ್ಮಿಕ ನಿರ್ದೇಶಕರ ಮೌನ ನಮಗೆ ಕಲಿಸುವುದು ಇದನ್ನೇ. ತಾವು ಬಲ್ಲುದನ್ನು ಅವರು ಆಡಳಿತದ ಮೇಜಿಗೆ ತರುವುದಿಲ್ಲ; ತಮ್ಮ ಪ್ರಾರ್ಥನೆಯಲ್ಲಿ ದೇವರ ಮುಂದಿಡುತ್ತಾರೆ. ಇಂದು ಆ ಮೌನದ ಆಸರೆಯಲ್ಲಿ ಬೆಳೆಯುತ್ತಿರುವ ಅಭ್ಯರ್ಥಿಗಳು ನಾಳೆ ತಮ್ಮ ಜನರಿಗೆ ಅದೇ ಆಸರೆಯನ್ನು ಒದಗಿಸುವ ಗುರುಗಳಾಗಲಿ.